ಕಣಕ್ಕೆ ಬಾರದ ಮೈಲಾರಿ

ನಮ್ಮೂರಲ್ಲಿ ಕಳೆದದ್ದು ತಿರುಗಿ ಬರುತ್ತದೆ. ಊರ ಮೂಡಲಿಗೆ ಎಲ್ಲರೂ ಒಕ್ಕಣೆ ಮಾಡುವ ಒಂದು ಕಣವಿದೆ, ಅಲ್ಲಿಗೆ ಬರುತ್ತದೆ. ಬೆಂಡೋಲೆ, ಚಪ್ಪಲಿ, ಹಗ್ಗ ಹರಿದುಕೊಂಡು ಹೋದ ಎಮ್ಮೆ, ಬಾವಿಗೆ ಬಿದ್ದ ತಂಬಿಗೆ, ಎಲ್ಲವೂ. ಕೆಲವು ಮರುದಿನವೇ ಬರುತ್ತವೆ, ಕೆಲವು ಸುಗ್ಗಿ ಕಳೆದ ಮೇಲೆ. ಬೆಳಿಗ್ಗೆ ಹೊಲಕ್ಕೆ ಹೋಗುವವರು ಕಣದ ಮೇಲೊಮ್ಮೆ ಕಣ್ಣಾಡಿಸಿ, ತಮ್ಮದಿದ್ದರೆ ಎತ್ತಿಕೊಂಡು, ನೆರೆಯವರದಿದ್ದರೆ ಕೂಗಿ ಹೇಳಿ ಮುಂದೆ ಹೋಗುತ್ತಾರೆ. ಹೀಗಾಗಿ ನಮ್ಮೂರ ಮಾತಿನಲ್ಲಿ ‘ಹುಡುಕು’ ಎಂಬ ಪದ ಎರಡೇ ಕೆಲಸಕ್ಕೆ ಉಳಿದಿತ್ತು: ಮಕ್ಕಳ ತಲೆಯ ಹೇನಿಗೆ ಮತ್ತು ಹೆಣ್ಣುಮಕ್ಕಳ ವರನಿಗೆ. ಎರಡನ್ನೂ ಹೆಂಗಸರೇ ನೋಡಿಕೊಳ್ಳುತ್ತಿದ್ದರು. ಗಂಡಸರಾದ ನಮಗೆ ಆ ವಿದ್ಯೆಯೇ ಬರುತ್ತಿರಲಿಲ್ಲ.

ಬಿಸಾಡಿದ್ದು ಮಾತ್ರ ಬರುವುದಿಲ್ಲ. ಬಂದಿದ್ದರೆ ಊರ ತಿಪ್ಪೆಗಳೆಲ್ಲ ಕಣದಲ್ಲೇ ಇರುತ್ತಿದ್ದವು. ತಾನಾಗಿ ಹೋದದ್ದೂ ಬರುವುದಿಲ್ಲ. ಸಿಟ್ಟು ಮಾಡಿಕೊಂಡು ತವರಿಗೆ ಹೋದ ಹೆಂಡತಿ ಕಣಕ್ಕೆ ಬಂದ ಉದಾಹರಣೆ ಇಲ್ಲ, ಅವಳು ಬರಬೇಕಾದರೆ ಗಂಡನೇ ಹೋಗಿ ಮಾವನ ಮನೆಯ ಜಗಲಿಯಲ್ಲಿ ಇಡೀ ದಿನ ಕೂರಬೇಕು. ಈ ನಿಯಮ ನನಗೆ ಅನುಭವದಿಂದಲೇ ಗೊತ್ತಾಗಿದೆ.

ನನ್ನ ಹೆಸರು ಕಲ್ಲಿನಾಥ. ಊರಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದೇನೆ. ಹಿಂದೊಮ್ಮೆ ಹೊಳೆಯಾಚೆಯ ಪೇಟೆಗೆ ಹೋದಾಗ ಬಸ್ಸಿನಲ್ಲಿ ಛತ್ರಿ ಮರೆತು ಇಳಿದೆ. ಅದು ಕಣಕ್ಕೆ ಬರಲೇ ಇಲ್ಲ. ಪರಸ್ಥಳದಲ್ಲಿ ಕಳೆದದ್ದಕ್ಕೆ ನಮ್ಮ ಕಣ ಹೊಣೆಯಲ್ಲ ಎಂದು ಕೆಲವರೆಂದರು, ಮಾರಿಕೊಂಡು ಬಂದಿರಬೇಕು ಎಂದು ಕೆಲವರೆಂದರು. ಏನೇ ಇರಲಿ, ಕಳೆದುಕೊಂಡ ವಸ್ತು ಮರಳಿ ಬಾರದ ಒಬ್ಬನೇ ಒಬ್ಬ ಮನುಷ್ಯ ಊರಿನಲ್ಲಿ ನಾನಾದೆ. ಛತ್ರಿ ಕಲ್ಲಿನಾಥ ಎಂಬ ಹೆಸರು ಬಿತ್ತು. ‘ಛತ್ರಿ’ ಎಂದರೆ ಬೇರೆ ಊರುಗಳಲ್ಲಿ ಯಾವ ಜಾತಿಯ ಮನುಷ್ಯನಿಗೆ ಹೇಳುತ್ತಾರೆಂದು ಗೊತ್ತಿದ್ದೂ ನಾನು ಆ ಹೆಸರನ್ನು ಬಿರುದಿನಂತೆ ಹೊತ್ತು ತಿರುಗಿದೆ. ಮದುವೆಯ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು, “ಕಳಕೊಂಡ್ರ ಹೆಂಗ ಆಗ್ತೈತ್ರೀ?” ಎಂದು ಕೇಳುತ್ತಿದ್ದರು. ನಾನು ಕಣ್ಣು ಮುಚ್ಚಿ, ಎದೆ ಮುಟ್ಟಿಕೊಂಡು, “ಇಲ್ಲಿ ಖಾಲಿ ಆದಂಗ ಆಗ್ತೈತಿ” ಎನ್ನುತ್ತಿದ್ದೆ. ನನ್ನ ಹೆಂಡತಿ ಕಸ್ತೂರಿ ಹೆಂಗಸರ ಪಂಕ್ತಿಯಿಂದಲೇ ಕೂಗಿ ಹೇಳುತ್ತಿದ್ದಳು: “ಮಳಿ ಬಂದಾಗ ತೋಯ್ತೈತಿ, ಅಷ್ಟ.”

ಮೈಲಾರಿ ಕಾಣೆಯಾದಾಗ ಊರಿನಲ್ಲಿದ್ದ ಪರಿಣತಿ ಇಷ್ಟೇ.

ಮೈಲಾರಿ ತಿರಕವ್ವನ ಒಬ್ಬನೇ ಮಗ. ತಿರಕವ್ವನದು ಚುರುಮುರಿ ಭಟ್ಟಿ. ಗಂಡ ತೀರಿಕೊಂಡ ಮೇಲೆ ತಾಯಿ ಮಗ ಇಬ್ಬರೇ ಅದನ್ನು ನಡೆಸುತ್ತಿದ್ದರು. ಹುಡುಗನಿಗೆ ಆಗಷ್ಟೇ ಹೆಣ್ಣು ನೋಡುವ ಮಾತು ಎದ್ದಿತ್ತು. ಊರಲ್ಲಿ ಯಾರ ಮಾಳಿಗೆ ಸೋರಿದರೂ, ಯಾರ ಚಕ್ಕಡಿ ಕೆಸರಲ್ಲಿ ಹೂತರೂ, ಯಾರ ಮನೆಯ ಹಂದರದ ಕಂಬ ವಾಲಿದರೂ “ಮೈಲಾರಿ, ಒಂಚೂರು ಬಾರೋ” ಎಂದು ಕೂಗುವುದು ರೂಢಿಯಾಗಿತ್ತು. ಅವನು ಬರುತ್ತಿದ್ದ. ಕೆಲಸ ಮುಗಿದ ಮೇಲೆ ಯಾವಾಗ ಹೋದನೆಂದು ಯಾರೂ ನೋಡುತ್ತಿರಲಿಲ್ಲ. ನನ್ನ ಅಂಗಡಿಯ ಮೂಟೆಗಳನ್ನು ಗಾಡಿಯಿಂದ ಇಳಿಸಿಕೊಡುತ್ತಿದ್ದವನೂ ಅವನೇ. ಅವನ ಕೈಗೆ ಒಂದು ಚೂರು ಬೆಲ್ಲ ಇಟ್ಟು, ಅಂದೆಲ್ಲ ನನ್ನ ಔದಾರ್ಯಕ್ಕೆ ನಾನೇ ತಲೆದೂಗುತ್ತಿದ್ದೆ.

ಚುರುಮುರಿಯನ್ನು ಕಾದ ಉಸುಕಿನಲ್ಲಿ ಹುರಿಯುತ್ತಾರೆ. ಉಸುಕು ಹಳತಾದರೆ ಚುರುಮುರಿ ಕಪ್ಪಿಡುತ್ತದೆ. ಹೊಸ ಉಸುಕು ತರಲು ಮೈಲಾರಿ ಒಂದು ಬೆಳಿಗ್ಗೆ ರೊಟ್ಟಿ ತಿಂದು, ತುಂಬಲು ಪುಟ್ಟಿ, ಸೋಸಲು ಜರಡಿ ಹಿಡಿದುಕೊಂಡು ಹಳ್ಳಕ್ಕೆ ಹೋದ. ಬೇಸಿಗೆ. ಹಳ್ಳದಲ್ಲಿ ಪಾದ ತೋಯುವಷ್ಟೂ ನೀರಿರಲಿಲ್ಲ. ಮಧ್ಯಾಹ್ನ ಕಳೆದರೂ ಬರಲಿಲ್ಲವೆಂದು ತಿರಕವ್ವ ಹೋಗಿ ನೋಡಿದರೆ ಪುಟ್ಟಿಯಲ್ಲಿ ಅರ್ಧಕ್ಕೆ ಉಸುಕು, ಪಕ್ಕದಲ್ಲಿ ಜರಡಿ, ಕಲ್ಲಿನ ಮೇಲೆ ಮಡಿಸಿಟ್ಟ ಟವೆಲ್ಲು. ಮೈಲಾರಿ ಇಲ್ಲ. ಅವಳು ಒಂದೆರಡು ಸಲ ಕೂಗಿದಳಂತೆ. ಆಮೇಲೆ ಊರಿಗೆ ಬಂದು, “ನಮ್ಮ ಹುಡುಗ ಕಳದಾನ್ರೀ” ಎಂದಳು. ಎಮ್ಮೆ ಕಳೆದಾಗ ಹೇಳುವ ದನಿಯಲ್ಲೇ ಹೇಳಿದಳು. ನಾವೂ ಹಾಗೆಯೇ “ಕಣಕ್ಕ ಬರ್ತಾನ ಬಿಡು” ಎಂದೆವು.

ಗಾಬರಿ ಒತ್ತಟ್ಟಿಗಿರಲಿ, ಊರಿಗೆ ಒಂದು ಬಗೆಯ ಸಡಗರವೇ ಹತ್ತಿತು. ದಾರಿ ತಪ್ಪಿದ ಕೂಸುಗಳು ಕಣಕ್ಕೆ ಬಂದದ್ದುಂಟು. ಆದರೆ ಆಳೆತ್ತರದ ಗಂಡಸು ಬಂದದ್ದು ಯಾರಿಗೂ ನೆನಪಿರಲಿಲ್ಲ. ಊರ ಹಿರಿಯ ಸಂಗನಬಸಪ್ಪನವರು ಜನ ಸೇರಿಸಿ, ಹುಡುಗನನ್ನು ಬಾಜಾ ಬಾರಿಸಿ ಮನೆಗೆ ಕರೆತರಬೇಕೆಂದರು. ಮಾಲೆ ಯಾರು ಹಾಕಬೇಕೆಂಬುದರಲ್ಲಿ ತಕರಾರು ಬಂತು. ಹಿರಿತನದಿಂದ ತಮ್ಮದೇ ಹಕ್ಕೆಂದು ಅವರು, ಕಳೆದುಕೊಳ್ಳುವುದರ ಮರ್ಮ ಬಲ್ಲವನು ನಾನೊಬ್ಬನೇ ಆದ್ದರಿಂದ ನನ್ನದೆಂದು ನಾನು. ಮಾತಿಗೆ ಮಾತು ಬೆಳೆದು ಇಬ್ಬರೂ ಎದುರುಬದುರಾದರೆ ಮುಖ ತಿರುಗಿಸುವಂತಾಯಿತು. ಅಷ್ಟರಲ್ಲಿ ಚೆಂಡುಹೂವಿನ ಮಾಲೆ ಒಣಗಿತು. ಹೊಸದು ಕಟ್ಟಿಸಿದೆವು. ಅದೂ ಒಣಗಿತು.

ತಿರಕವ್ವನನ್ನು ಈ ಯಾವುದಕ್ಕೂ ಯಾರೂ ಕೇಳಲಿಲ್ಲ. ಅವಳು ದಿನಾ ಬಟ್ಟೆಯಲ್ಲಿ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಕಣಕ್ಕೆ ಹೋಗಿ ಕೂರುತ್ತಿದ್ದಳು. ಸಂಜೆ ರೊಟ್ಟಿಯನ್ನು ನಾಯಿಗಳಿಗೆ ಹಾಕಿ ಬರುತ್ತಿದ್ದಳು. ಕಣದ ನಾಯಿಗಳು ದಪ್ಪಗಾದವು. ಮಿಕ್ಕವರ ವಸ್ತುಗಳು ಎಂದಿನಂತೆ ಬರುತ್ತಲೇ ಇದ್ದವು: ಯಾರದೋ ಕನ್ನಡಕ, ಯಾರದೋ ಹೋರಿ. ನಮ್ಮ ಕಸ್ತೂರಿಯ ಮೂಗುಬೊಟ್ಟು ಕಳೆದಿತ್ತು. ಬಂದಿದೆಯೆಂದು ಸುದ್ದಿ ಕೇಳಿ ಓಡಿದವಳು ಬರಿಗೈಯಲ್ಲಿ ಬಂದಳು.

“ಯಾಕ, ಬಂದಿಲ್ಲೇನು?” ಎಂದೆ.

“ಬಂದೈತಿ. ತಿರಕವ್ವನ ಕಾಲ ಹತ್ರನ ಬಿದ್ದೈತಿ. ಆಕೀ ಮುಂದ ಹೆಂಗ ಎತ್ತಿಕೊಳ್ಳಿ?” ಎಂದು ಒಳಗೆ ಹೋದಳು. ಮೂಗಿಗೆ ಕಡ್ಡಿ ಚುಚ್ಚಿಕೊಂಡೇ ಓಡಾಡಿದಳು.

ಆ ವಾರ ತಿರಕವ್ವ ನನ್ನ ಅಂಗಡಿಗೆ ಬಂದಳು. ಮೂಗುಬೊಟ್ಟನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟು, “ನಿಮ್ಮ ಮನ್ಯಾಗಿಂದು” ಎಂದಳು. ಹೋಗಲಿಲ್ಲ. ವಯಸ್ಸಿನಲ್ಲಿ ನನಗಿಂತ ಹಿರಿಯಳು, ಆದರೂ ಅಂಗಡಿಯವನೆಂದು ‘ಅಣ್ಣಾರ’ ಎನ್ನುತ್ತಿದ್ದಳು.

“ಅಣ್ಣಾರ, ನಿಮ್ಮ ಛತ್ರಿ ಬರಲಿಲ್ಲಲ್ಲ, ಆವಾಗ ನೀವು ಏನ್ ಮಾಡಿದ್ರಿ?”

ನಾನು ಕಣ್ಣು ಮುಚ್ಚಿ ಎದೆ ಮುಟ್ಟಿಕೊಳ್ಳಲು ಹೋದೆ. ಅವಳ ಮುಖ ನೋಡಿ ಕೈ ಕೆಳಗಿಳಿಸಿದೆ. “ಹುಡುಕಿದ್ನಿ,” ಎಂದೆ.

“ಹೆಂಗ ಹುಡುಕೂದು?”

ಕಂಡಕ್ಟರನನ್ನು ಒಂದು ಮಾತು ಕೇಳಿ, ಅವನು ಇಲ್ಲವೆಂದಾಗ ಚಹಾ ಕುಡಿದು ಊರಿಗೆ ಬಂದಿದ್ದೆ, ನನ್ನ ಹುಡುಕಾಟ ಅಷ್ಟೇ. ಆದರೆ ಅವಳು ಕೇಳಿದ್ದು ಹೇಗಿತ್ತೆಂದರೆ, ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. “ನಾ ತೋರಸ್ತೀನಿ,” ಎಂದುಬಿಟ್ಟೆ.

ಮರುದಿನ ಊರ ಗಂಡಸರನ್ನೆಲ್ಲ ಹಳ್ಳಕ್ಕೆ ಕರೆದುಕೊಂಡು ಹೋದೆ. ಹುಡುಕುವುದನ್ನು ಎಂದೂ ಮಾಡದ ಜನ ಹುಡುಕಲು ನಿಂತರೆ ಹೇಗಿರುತ್ತದೆಂದು ನೋಡಬೇಕಿತ್ತು. ಒಬ್ಬ ಅಂಗೈಯಗಲದ ಕಲ್ಲು ಎತ್ತಿ ಕೆಳಗೆ ಬಗ್ಗಿ ನೋಡಿದ. ಒಬ್ಬ ತನ್ನ ಜೇಬು ತಡವಿಕೊಂಡ. ಸಂಗನಬಸಪ್ಪನವರು ಜಾಲಿಮರದ ನೆರಳು ಬಿಟ್ಟು ಕದಲಲಿಲ್ಲ, ಇದ್ದರೆ ನೆರಳಲ್ಲೇ ಇರುತ್ತಾನೆ, ಬಿಸಿಲಲ್ಲಿ ಯಾರು ಕೂರುತ್ತಾರೆ ಎಂಬುದು ಅವರ ವಾದ. ನಾನು ದಿಬ್ಬದ ಮೇಲೆ ನಿಂತು ಬೆತ್ತ ಬೀಸಿ, “ಆ ಕಡೆ! ಈ ಕಡೆ! ಎಲ್ಲಾರೂ ಸಾಲಾಗಿ!” ಎಂದು ಕೂಗುತ್ತಿದ್ದೆ. ಉಸುಕಿನಲ್ಲಿ ಇಡೀ ಊರು ಸಾಲಾಗಿ ಹೋಗಿ ಸಾಲಾಗಿ ಬಂತು. ಸಂಜೆ ತಿರಕವ್ವ ಮಗನ ಪುಟ್ಟಿ ಇದ್ದ ಜಾಗಕ್ಕೆ ಬಂದು ಕುಕ್ಕರಗಾಲಲ್ಲಿ ಕೂತಳು.

“ಇಲ್ಲಿಂದ ಆಚೆ ದಂಡಿ ಕಡೆ ಅವನ ಹೆಜ್ಜಿ ಇದ್ದುವು,” ಎಂದಳು. “ಅರ್ಧಕ್ಕ ಹೋಗಿ ಕಲ್ಲಿನ ಮ್ಯಾಲೆ ಏರಿದ್ದುವು. ಅಲ್ಲಿಂದ ಎತ್ತ ಹೋಗ್ಯಾನಂತ ಇವತ್ತು ನಿಮಗ ಕೇಳೂಣು ಅನ್ನೂದ್ರಾಗ…”

ನೆಲದ ಮೇಲೆ ನಮ್ಮೆಲ್ಲರ ಚಪ್ಪಲಿಗಳ ಗುರುತು ಒಂದರ ಮೇಲೊಂದು ಬಿದ್ದಿತ್ತು. ದಿಬ್ಬದಿಂದ ಇಳಿದು ಬಂದಿದ್ದ ನನ್ನ ಹೆಜ್ಜೆಗಳೇ ಎಲ್ಲಕ್ಕಿಂತ ಆಳವಾಗಿದ್ದವು. ಗಾಳಿಯೂ ಮುಟ್ಟದೆ ಉಳಿಸಿದ್ದ ಒಂದೇ ಸುಳಿವನ್ನು ನಾನು ಊರನ್ನೇ ಕಟ್ಟಿಕೊಂಡು ಬಂದು ತುಳಿಸಿ ಅಳಿಸಿದ್ದೆ.

ಆಮೇಲೆ ಹೊಳೆಯಾಚೆಯ ಪೇಟೆಯ ಠಾಣೆಗೆ ಹೋದೆವು. ತಿರಕವ್ವ, ಸಂಗನಬಸಪ್ಪನವರು, ನಾನು. ಹವಾಲ್ದಾರರು ಎಲ್ಲ ಕೇಳಿಕೊಂಡು, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದರು. ಕಣದಲ್ಲಿ ಕಾಯುತ್ತಿದ್ದೆವು ಎಂದೆವು. ಅವರು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ, ಪೆನ್ನಿನ ಟೋಪಿ ತೆಗೆದರು. ತಿರಕವ್ವನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ತಿಳಿದ ಗಂಡಸರೆಂದು ನಾವಿಬ್ಬರೇ ಒಳಗೆ ಹೋಗಿದ್ದೆವು.

“ಎತ್ತರ?”

ಸಂಗನಬಸಪ್ಪನವರು ನನ್ನನ್ನು ನೋಡಿದರು. ನಾನು ಕೈಯನ್ನು ತಲೆಯ ಮೇಲಕ್ಕೆ ಎತ್ತಿ, ಸ್ವಲ್ಪ ಇಳಿಸಿ, ಮತ್ತೆ ಎತ್ತಿದೆ.

“ಮೀಸಿ ಅದಾವೇನು?”

“ಅದಾವ್ರೀ,” ಎಂದರು ಸಂಗನಬಸಪ್ಪನವರು. ಅದೇ ಹೊತ್ತಿಗೆ ನಾನು, “ಇಲ್ರೀ,” ಎಂದಿದ್ದೆ.

“ಮೈಮ್ಯಾಲೆ ಗುರ್ತು? ಮಚ್ಚಿ? ಗಾಯದ ಕಲೆ?”

ನಮ್ಮೂರಿನ ಯಾವ ಎತ್ತಿನ ಯಾವ ಕೊಂಬು ಎಲ್ಲಿ ಸೀಳಿದೆಯೆಂದು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆವು. ನನ್ನ ಛತ್ರಿಯ ಹಿಡಿ ಬೆತ್ತದ್ದು, ಅದರ ತುದಿಗೆ ಹಿತ್ತಾಳೆಯ ಬಳೆ, ಬಟ್ಟೆಗೆ ಒಂದು ಕಡೆ ಕಂದು ತೇಪೆ ಎಂದು ಅಷ್ಟು ಮದುವೆಗಳಲ್ಲಿ ವರ್ಣಿಸಿದವನು ನಾನು. ಮೈಲಾರಿಯ ಮುಖವನ್ನು ನೆನೆಸಿಕೊಳ್ಳಲು ಹೋದರೆ ಮೂಟೆ ಹೊತ್ತು ಬಾಗಿದ ಬೆನ್ನು ಕಾಣುತ್ತಿತ್ತು. ಫೋಟೋ ಇದೆಯೇ ಎಂದರು. ಊರಿನ ಮದುವೆಯ ಫೋಟೋಗಳಲ್ಲೆಲ್ಲ ಅವನಿದ್ದಾನೆ. ಹಂದರದ ಕಂಬ ಬೀಳದಂತೆ ಹಿಡಿದ ಒಂದು ಕೈ, ಅಷ್ಟೇ ಬಂದಿದೆ.

ಹವಾಲ್ದಾರರು ಪೆನ್ನು ಕೆಳಗಿಟ್ಟರು. “ಆ ಹುಡುಗನ್ನ ನಿಮ್ಮೂರಾಗ ಯಾರಾರ ನೋಡೀರೇನ್ರೀ?”

ಅವರೇ ಎದ್ದು ಬಾಗಿಲಿಗೆ ಹೋಗಿ ತಿರಕವ್ವನನ್ನು ಕರೆದರು. ಅವಳು ನಿಂತುಕೊಂಡೇ ಹೇಳಿದಳು. ಬಲಗೈ ಮಣಿಕಟ್ಟಿನ ಒಳಬದಿಗೆ ಭಟ್ಟಿಯಲ್ಲಿ ಸುಟ್ಟ ಕಲೆ, ಹುಣಸೆಬೀಜದಷ್ಟು. ಮೀಸೆ ಬಂದಿದೆ, ಆದರೆ ಎಡಗಡೆ ತೆಳು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾನೆ, ಮುಂದಿನ ಹಲ್ಲು ಚೂರು ಮುರಿದಿದೆಯೆಂದು ನಾಚಿಕೆ. ಹಲ್ಲು ಮುರಿದದ್ದು ಕಲ್ಲಿನಾಥಣ್ಣನ ಅಂಗಡಿಯ ಮೂಟೆ ಇಳಿಸುವಾಗ. ಅಂಗಿ ನೀಲಿ, ಒಂದು ಗುಂಡಿ ಬೇರೆ ಬಣ್ಣದ್ದು. ಅವಳು ಹೇಳುತ್ತ ಹೋದಂತೆ ನನ್ನ ಕಣ್ಣ ಮುಂದೆ ಒಬ್ಬ ಹುಡುಗ ಮೊದಲ ಸಲ ನಿಂತ. ಹಲ್ಲಿನ ಸಂಗತಿ ನನಗೆ ಗೊತ್ತೇ ಇರಲಿಲ್ಲ. ಅಂದೂ ಬೆಲ್ಲ ಕೊಟ್ಟಿರಬೇಕು.

ಠಾಣೆಯವರು ಬಂದು ಹಳ್ಳ ನೋಡಿದರು, ಸುತ್ತಲಿನ ಊರುಗಳಲ್ಲಿ ವಿಚಾರಿಸಿದರು. ಏನೂ ತಿಳಿಯಲಿಲ್ಲ. ಅವರು ಹೋದ ಮೇಲೆ ಊರಿನಲ್ಲಿ ಬೇರೆ ಮಾತು ಹುಟ್ಟಿತು. ಕಳೆದದ್ದು ಬರುತ್ತದೆ, ಬಿಸಾಡಿದ್ದು ಬರುವುದಿಲ್ಲ. ಹಾಗಾದರೆ ಮೈಲಾರಿಯನ್ನು ಯಾರಾದರೂ… ಈ ವಾಕ್ಯವನ್ನು ಯಾರೂ ಪೂರ್ತಿ ಮಾಡುತ್ತಿರಲಿಲ್ಲ. ಆದರೆ ಪ್ರತಿಯೊಬ್ಬನೂ ತನಗೆ ಆ ಹುಡುಗನ ಮೇಲೆ ಎಷ್ಟು ಪ್ರೀತಿಯಿತ್ತೆಂದು ಗಟ್ಟಿಯಾಗಿ ಹೇಳತೊಡಗಿದ. ನಾನೂ ಹೇಳಿದೆ. ನನ್ನ ಕಥೆಯಲ್ಲಿ ಬೆಲ್ಲದ ಚೂರು ಮೊದಲು ಉಂಡೆಯಾಯಿತು, ಆಮೇಲೆ ಅಚ್ಚಾಯಿತು. ಕಸ್ತೂರಿ, “ಇನ್ನೊಂದು ವಾರ ಹಿಂಗ ಹೇಳಿದ್ರ ಅಂಗಡೀನ ಬರಕೊಟ್ಟಿದ್ರಿ ಅಂತ ಆಗ್ತೈತಿ,” ಎಂದ ಮೇಲೆ ನಿಲ್ಲಿಸಿದೆ.

ಕೊನೆಗೆ ಸಂಗನಬಸಪ್ಪನವರು ಸಭೆ ಕರೆದರು. “ನೋಡ್ರಿ, ನಮ್ಮ ಕಣ ಇವತ್ತಿನತನಕ ಸುಳ್ಳಾಗಿಲ್ಲ,” ಎಂದರು. “ಹುಡುಗ ಕಳದಿದ್ರ ಬಂದಿರತಿದ್ದ. ಬಂದಿಲ್ಲ. ಅಂದ್ರ ಅಂವ ತಾನ ಹೋಗ್ಯಾನ. ಪ್ರಾಯದ ಹುಡುಗ, ಊರು ಬ್ಯಾಸರಾತು, ಹೋದ. ಹಿಂಗಂತ ತೀರ್ಮಾನ ಮಾಡಿದ್ರ ಯಾರಿಗೂ ತ್ರಾಸಿಲ್ಲ.” ಜನ ಉಸಿರು ಬಿಟ್ಟರು. ಕಣವೂ ಉಳಿಯಿತು, ಊರಿನ ಮಾನವೂ ಉಳಿಯಿತು.

ತಿರಕವ್ವ ಎದ್ದಳು. “ತಾನ ಹೋಗಾಂವ ಅರ್ಧ ಪುಟ್ಟಿ ತುಂಬಿ ಯಾಕ ಹೋಗ್ತಾನ್ರೀ? ಇಲ್ಲಾ ಖಾಲಿ ಪುಟ್ಟಿ ಇಟ್ಟು ಹೋಗ್ತಾನ, ಇಲ್ಲಾ ತುಂಬಿದ್ದು ಮನಿಗೆ ತಂದಿಟ್ಟು ಹೋಗ್ತಾನ. ನನ್ನ ಮಗ ಅರ್ಧಕ್ಕ ಕೆಲಸ ಬಿಟ್ಟು ಎದ್ದಾಂವಲ್ಲ. ನಿಮ್ಮ ನಿಮ್ಮ ಮನಿ ಮಾಳಿಗಿ ನೋಡ್ಕೊಳ್ರಿ, ಎಲ್ಲೆರ ಅರ್ಧಾ ಬಿಟ್ಟಾನೇನು?”

ಸಂಗನಬಸಪ್ಪನವರು ನನ್ನ ಕಡೆ ತಿರುಗಿದರು. ಮಾಲೆಯ ಜಗಳದ ನಂತರ ಅಂದೇ ಮೊದಲು ನನ್ನ ಜೊತೆ ಮಾತು. “ಕಲ್ಲಿನಾಥ, ಈ ವಿಷಯ ತಿಳದಾಂವ ನೀನ. ಹೇಳು, ಅಂವ ಹೋಗ್ಯಾನೋ, ಕಳದಾನೋ?”

ನಾನು ತಯಾರಾಗಿಯೇ ಬಂದಿದ್ದೆ. ಒಂದು ಗಾದೆಯಿಂದ ಶುರುಮಾಡಿ, ನನ್ನ ಅನುಭವವನ್ನು ತುಸು ಬಣ್ಣಿಸಿ, ಸಂಗನಬಸಪ್ಪನವರ ಮಾತೇ ಸರಿಯೆಂದು ಮುಗಿಸುವ ಭಾಷಣ. ಎದ್ದು ನಿಂತು ಗಂಟಲು ಸರಿಮಾಡಿಕೊಂಡೆ. ತಿರಕವ್ವ ನನ್ನನ್ನೇ ನೋಡುತ್ತಿದ್ದಳು. ಹುಡುಕುವುದು ಹೇಗೆಂದು ಅಂಗಡಿಯಲ್ಲಿ ಕೇಳಿದಾಗ ನೋಡಿದ್ದ ಹಾಗೆಯೇ. ಗಾದೆ ಮರೆತುಹೋಯಿತು. ಅದರ ಹಿಂದೆಯೇ ಮಿಕ್ಕದ್ದೂ ಹೋಯಿತು.

“ನನಗ ಗೊತ್ತಿಲ್ಲ,” ಎಂದೆ.

ಇದನ್ನು ಧೈರ್ಯವೆಂದು ಹೇಳಿಕೊಳ್ಳಲು ನನಗೂ ಆಸೆಯಿದೆ. ಆದರೆ ಬಾಯಿಪಾಠ ಕೈಕೊಟ್ಟ ಶಾಲೆಯ ಹುಡುಗ ಹೇಗೆ ನಿಲ್ಲುತ್ತಾನೋ ಹಾಗೆ ನಿಂತಿದ್ದೆ, ಅಷ್ಟೇ. ಜನ ನಕ್ಕರು. “ಇಷ್ಟು ದಿನ ಎದಿ ಮುಟ್ಕೊಂಡು ಹೇಳಿದ್ದ ಏನ್ರೀ?” ಎಂದು ಹಿಂದಿನಿಂದ ಯಾರೋ ಕೂಗಿದರು. ನಾನು ಇನ್ನೊಮ್ಮೆ, “ಗೊತ್ತಿಲ್ಲ, ಖರೇನ ಗೊತ್ತಿಲ್ಲ,” ಎಂದು ಕೂತುಬಿಟ್ಟೆ. ಆ ಗಲಾಟೆಯಲ್ಲಿ ತೀರ್ಮಾನ ಆಗದೇ ಸಭೆ ಚೆದುರಿತು.

ಮನೆಯ ದಾರಿಯಲ್ಲಿ ತಿರಕವ್ವ ಹಿಂದಿನಿಂದ ಬಂದು ಜೊತೆಯಾದಳು.

“ಗೊತ್ತಿಲ್ಲ ಅಂದಿಯಲ್ಲ ತಮ್ಮಾ, ಅಷ್ಟ ಸಾಕು. ಗೊತ್ತಿಲ್ಲ ಅಂದ್ರ ಇನ್ನಾ ಹುಡುಕಬಹುದು. ನಾಳೆ ಹೊಳಿಯಾಚೆ ಸಂತಿ ಐತಿ. ಬರ್ತಿ?”

ಅಣ್ಣಾರ ಹೋಗಿ ತಮ್ಮ ಆಗಿದ್ದೆ. ಬೇಡವೆನ್ನುವುದು ಹೇಗೆ? ಕಸ್ತೂರಿಯನ್ನು ನೆವ ಮಾಡೋಣವೆಂದು, ಅಂಗಡಿ ನೋಡಿಕೊಳ್ಳುವವರು ಯಾರು ಎಂದು ಮನೆಯಲ್ಲಿ ಕೇಳಿದೆ. “ನಾ ನೋಡ್ಕೊಂತೀನಿ. ಹೆಂಗೂ ನಿಮಗಿಂತ ಚಲೋ ನೋಡ್ಕೊಂತೀನಿ,” ಎಂದಳು. ಆ ಮಾತು ನಿಜವಾಗಲು ತಿಂಗಳೂ ಬೇಕಾಗಲಿಲ್ಲ.

ಅಂದಿನಿಂದ ತಿರಕವ್ವ ಚುರುಮುರಿಯ ಗಂಟು ಹೊತ್ತು, ನಾನು ಅವಳ ಹಿಂದೆ ಏದುಸಿರು ಬಿಡುತ್ತ, ಸಂತೆಯಿಂದ ಸಂತೆಗೆ ಹೋಗುತ್ತೇವೆ. ಮೊದಮೊದಲು ಕೇಳುವುದಕ್ಕೂ ನನಗೆ ಬರುತ್ತಿರಲಿಲ್ಲ. “ನಮ್ಮೂರಾಗ ಕಳದದ್ದು ತಿರಗಿ ಬರ್ತೈತ್ರೀ” ಎಂದು ಶುರುಮಾಡಿದರೆ ಜನ ನನಗೇ ಏನೋ ಆಗಿದೆಯೆಂದು ನೀರು ಕೊಡುತ್ತಿದ್ದರು. ಈಗ ನೆಟ್ಟಗೆ ಕೇಳುತ್ತೇನೆ: ಬಲಗೈಗೆ ಸುಟ್ಟ ಕಲೆ, ನಗುವಾಗ ಬಾಯಿಗೆ ಕೈ. ಊರಿನವರೂ ಒಬ್ಬೊಬ್ಬರಾಗಿ ಅಂಗಡಿಯ ಕಟ್ಟೆಗೆ ಬಂದು, ಬೇರೆಡೆ ನೋಡುತ್ತ, ತಮಗೆ ನೆನಪಾದದ್ದನ್ನು ಹೇಳಿ ಹೋಗುತ್ತಾರೆ. ಏಣಿ ಹತ್ತುವ ಮೊದಲು ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ ಎಂದು ಒಬ್ಬ. ಕೂಸು ಅತ್ತರೆ ತಾನೂ ಅಳುವ ಮುಖ ಮಾಡುತ್ತಿದ್ದ ಎಂದು ಒಬ್ಬಳು. ಒಂದು ದಿನ ಸಂಗನಬಸಪ್ಪನವರೇ ಬಂದು, ಚಹಾಪುಡಿ ಕಟ್ಟಿಸಿಕೊಂಡು, “ಅಂವ ನನ್ನ ಸ್ವಂತ ಅಜ್ಜಗ ಅಂದಂಗ ‘ಮುತ್ಯಾ’ ಅಂತಿದ್ದ. ಊರಾಗ ಬ್ಯಾರೆ ಯಾರೂ ಅನ್ನೂದಿಲ್ಲ,” ಎಂದು ಹೇಳಿ, ಚಿಲ್ಲರೆ ತೆಗೆದುಕೊಳ್ಳದೆ ಹೊರಟುಹೋದರು.

ಮೈಲಾರಿ ಸಿಕ್ಕಿಲ್ಲ. ಸತ್ತಿದ್ದಾನೆಂದೂ ತಿಳಿದಿಲ್ಲ, ಇದ್ದಾನೆಂದೂ ತಿಳಿದಿಲ್ಲ. ಹಳ್ಳದಲ್ಲಿ ಆ ಬೆಳಿಗ್ಗೆ ಏನಾಯಿತೆಂದು ಬಲ್ಲವರು ಯಾರೂ ಮುಂದೆ ಬಂದಿಲ್ಲ. ಕಣಕ್ಕೆ ಎಮ್ಮೆಗಳೂ ಬೆಂಡೋಲೆಗಳೂ ಬರುತ್ತಲೇ ಇವೆ. ತಿರಕವ್ವ ಆ ಕಡೆ ಹೋಗುವುದನ್ನು ಬಿಟ್ಟಿದ್ದಾಳೆ.

ಹೋದ ಸುಗ್ಗಿಯಲ್ಲಿ ಬಹಳ ದೂರದ ಒಂದು ಸಂತೆಗೆ ಹೋಗಿದ್ದೆವು. ಮೆಣಸಿನಕಾಯಿಯ ಚೀಲ ಹೊತ್ತು ಲಾರಿಯ ಕಡೆ ನಡೆಯುತ್ತಿದ್ದ ಒಬ್ಬನ ಬೆನ್ನು ಕಂಡಿತು. ಆ ಬೆನ್ನಿನ ಗುರುತು ನನಗೆ ತಪ್ಪುವ ಹಾಗಿರಲಿಲ್ಲ. “ಮೈಲಾರೀ!” ಎಂದು ಕಿರುಚಿ ಓಡಿದೆ. ಈ ವಯಸ್ಸಿನಲ್ಲಿ, ಈ ಹೊಟ್ಟೆ ಇಟ್ಟುಕೊಂಡು ಓಡುವುದೆಂದರೆ ಓಟಕ್ಕೇ ಅವಮಾನ. ಧೋತರದ ಅಂಚು ಕಾಲಿಗೆ ತೊಡರಿ ಉಳ್ಳಾಗಡ್ಡಿಯ ರಾಶಿಯ ಮೇಲೆ ಬಿದ್ದೆ, ಬೈಗುಳ ತಿಂದೆ, ಎದ್ದು ಓಡಿ ಹೋಗಿ ಅವನ ಭುಜ ಹಿಡಿದೆ. ಅವನು ಚೀಲ ಇಳಿಸಿ ತಿರುಗಿದ.

ಮೈಲಾರಿ ಅಲ್ಲ.

“ಯಾಕ್ರೀ ಯಜಮಾನ್ರ?” ಎಂದ ಹುಡುಗ, ಗಾಬರಿಯಿಂದ. ಉಸಿರು ಹಿಡಿಯಲಾಗದೆ ನಾನು ಕೈಯಾಡಿಸಿದೆ. ಅಷ್ಟರಲ್ಲಿ ತಿರಕವ್ವ ಬಂದಳು. ಅಲ್ಲವೆಂದು ಅವಳಿಗೆ ದೂರದಿಂದಲೇ ತಿಳಿದಿರಬೇಕು, ಆದರೂ ಅವನನ್ನು ತುಸು ಹೊತ್ತು ನೋಡಿದಳು.

“ಯಾವೂರಪ್ಪಾ ನಿಂದು?”

ಅವನು ಹೇಳಿದ ಊರು ನಾವು ಕೇಳಿರದದ್ದು.

“ನೀ ಇಲ್ಲಿ ಇರೂದು ಮನ್ಯಾಗ ಗೊತ್ತೈತೇನು?”

ಹುಡುಗ ನಗಲು ನೋಡಿದ. “ಇಲ್ಲಬೇ. ಅಪ್ಪನ ಮ್ಯಾಲೆ ಸಿಟ್ಟಾಗಿ ಬಂದ್ನಿ. ಭಾಳ ದಿನಾತು. ಈಗ ಯಾವ ಮಾರಿ ಹೊತ್ತು ಹೋಗೂದು?”

ತಿರಕವ್ವ ಬೈಯಲಿಲ್ಲ. ಗಂಟು ಬಿಚ್ಚಿ ನೆಲಕ್ಕೆ ಹರವಿ, ಚುರುಮುರಿಗೆ ಉಳ್ಳಾಗಡ್ಡಿ ಹೆಚ್ಚಿ ಹಾಕಿ, ಅವನನ್ನು ಕೂರಿಸಿದಳು. ಅವನು ಹಸಿದಿದ್ದ. ಮುಕ್ಕು ಮುಕ್ಕಾಗಿ ತಿನ್ನತೊಡಗಿದ.

“ನಿಮ್ಮವ್ವ ಸಂತಿ ಸಂತಿ ತಿರಗಿ ನಿನ್ನ ಅಂಗಿ ಬಣ್ಣ ಹೇಳ್ತಿರ್ತಾಳ,” ಎಂದಳು ತಿರಕವ್ವ, ಉಪ್ಪು ಉದುರಿಸುತ್ತ. “ಆ ಅಂಗಿ ಯಾವಾಗೋ ಹರದು ಹೋಗಿರ್ತೈತಿ. ಆಕೀಗೆ ಅದು ಗೊತ್ತಿಲ್ಲ.”

ಹುಡುಗನ ಬಾಯಿ ನಿಂತಿತು. ನಾನು ಏನಾದರೂ ತೂಕದ ಮಾತು ಹೇಳಬೇಕೆಂದುಕೊಂಡೆ. ಬೈತಲೆಯಲ್ಲಿ ಉಳ್ಳಾಗಡ್ಡಿಯ ಸಿಪ್ಪೆ ಅಂಟಿಸಿಕೊಂಡವನು ಎಂಥ ಮಾತು ಹೇಳಿಯಾನು? ಸುಮ್ಮನೆ ಅವನ ಮುಖ ನೋಡುತ್ತ ಕೂತೆ. ಹುಬ್ಬಿನಲ್ಲಿ ಒಂದು ಸೀಳು, ರೆಪ್ಪೆಯ ಮೇಲೆ ಮೆಣಸಿನಕಾಯಿಯ ಕೆಂಪು ಧೂಳು, ಗ‌ದ್ದದ ಮೇಲೆ ಎಣಿಸುವಷ್ಟು ಕೂದಲು. ಅವನು ಚುರುಮುರಿಯನ್ನು ಅರ್ಧಕ್ಕೆ ಬಿಟ್ಟು, ಎದ್ದು ಕೈ ಒರೆಸಿಕೊಂಡ. “ಬರ್ತೀನಬೇ,” ಎಂದ. ಚೀಲವನ್ನು ಅಲ್ಲೇ ಬಿಟ್ಟು ಜನರ ನಡುವೆ ನಡೆದುಹೋದ. ಬಸ್‌ಸ್ಟ್ಯಾಂಡೂ ಆ ಕಡೆಗೇ ಇತ್ತು, ಹೆಂಡದಂಗಡಿಯೂ ಆ ಕಡೆಗೇ ಇತ್ತು. ಎಲ್ಲಿಗೆ ಹೋದನೆಂದು ನಮಗೆ ತಿಳಿಯಲಿಲ್ಲ.

ಅವನ ತಲೆ ಗುಂಪಿನಲ್ಲಿ ಮರೆಯಾಗುವವರೆಗೂ ತಿರಕವ್ವ ನೋಡಿದಳು. ಆಮೇಲೆ ಬಟ್ಟೆ ಕೊಡವಿ ಮಡಚಿ, ಗಂಟು ಕಟ್ಟಿ ತಲೆಗೇರಿಸಿಕೊಂಡಳು.

“ಏಳು ತಮ್ಮಾ,” ಎಂದಳು. “ದನದ ಪ್ಯಾಟಿ ಕಡೆ ಇನ್ನಾ ಕೇಳಿಲ್ಲ.”